ಕೊನೆಗೆ ಬರುವವಳು

ನಡುರಾತ್ರಿ ದಾಟಿದ ಮೇಲೆ ದಿಂಬಿನ ಪಕ್ಕದಲ್ಲಿ ಮೊಬೈಲು ಸಣ್ಣಗೆ ಟಿಣ್ ಎಂದಿತು. ರಾಜೀವಿ ಉಸಿರು ಬಿಟ್ಟಳು. ವೇಲ್ಸಿನ ಸ್ವಾನ್ಸಿಯಲ್ಲಿ ಓದುತ್ತಿರುವ ಮಗಳು ಸುಪ್ರೀತಾ ರೂಮು ಸೇರಿದಳೆಂಬ ಸುದ್ದಿ ಅದು. ಅದು ಬಾರದೆ ರಾಜೀವಿಗೆ ನಿದ್ದೆಯಿಲ್ಲ.

"ಬಂತಾ ನಿನ್ನ್ ತಂತಿ?" ಟೂಟಿಂಗಿನ ಹೋಟೆಲಿನಿಂದ ದಣಿದು ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ ಗಂಡ ದೇವದಾಸ ಕೇಳಿದ. "ಇನ್ನಾರೂ ಮನಿಕೊ ಮಾರಾಯ್ತಿ. ನಾಳೆ ಬಜೆ ಹಿಟ್ಟ್ ಕಲ್ಸುಕಿತ್ತಲ್ದಾ."

ಗೋಳಿಬಜೆ, ನೆರಿಸ್ ತೋರಿಸುವ ಸಿನಿಮಾಕ್ಕೆ ಬರುವವರಿಗೆ. ಸಟನ್‌ನಲ್ಲಿ ಅವರ ಪಕ್ಕದ ಮನೆಯ ಈ ಮುದುಕಿ ವೇಲ್ಸಿನವಳು. ಅಲ್ಲಿಯ ಸಣ್ಣಪುಟ್ಟ ಊರುಗಳವರು ತೆಗೆದ ಕಿರುಚಿತ್ರಗಳನ್ನು ತರಿಸಿ ಆಗಾಗ ಚರ್ಚಿನ ಸಭಾಂಗಣದಲ್ಲಿ ತೋರಿಸುತ್ತಾಳೆ. "ಮಗಳಿರುವ ಸೀಮೆಯನ್ನು ಪರದೆಯ ಮೇಲಾದರೂ ನೋಡು ಬಾ" ಎಂದು ಕರೆದಿದ್ದಳು.

ಮರುದಿನ ಸಂಜೆ ಗೋಳಿಬಜೆಯ ಡಬ್ಬ ಒಪ್ಪಿಸಿ ರಾಜೀವಿ ಹಿಂದಿನ ಸಾಲಿನಲ್ಲಿ ಕುಳಿತಳು. ಮೊದಲು ಕುರಿ ಸಾಕುವವನೊಬ್ಬನ ಚಿತ್ರ, ಆಮೇಲೆ ಮುಚ್ಚಿಹೋದ ಗಣಿಯದು. ಮೂರನೆಯದರಲ್ಲಿ ಸಮುದ್ರ. ಚಳಿಗಾಲದ ಬೆಳಗು, ಬೂದು ನೀರು, ಬೂದು ಆಕಾಶ, ನಡುವೆ ಗೆರೆಯೇ ಇಲ್ಲ. ಯಾರೋ ವೆಲ್ಶ್ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ಕೆಳಗೆ ಬಂದು ಹೋಗುವ ಇಂಗ್ಲಿಷ್ ಸಾಲುಗಳನ್ನು ಓದುವುದನ್ನು ರಾಜೀವಿ ಯಾವಾಗಲೋ ಬಿಟ್ಟಿದ್ದಳು. ಆ ತಿಳಿಯದ ಮಾತು, ಅರೆನಿದ್ದೆಯಲ್ಲಿ ಯಾರೋ ತಲೆ ನೇವರಿಸಿದಂತಿತ್ತು. ಪರದೆಯ ಬೆಳಕು ಮುಂದಿನವರ ತಲೆಗಳ ಮೇಲೆ ಹರಿದು, ಕುರ್ಚಿಗಳೆಲ್ಲ ಮೆಲ್ಲಗೆ ತೇಲುತ್ತಿರುವಂತೆ ಕಂಡವು.

ಒಂದಷ್ಟು ಹೆಂಗಸರು ಕೂಗುತ್ತ ನಗುತ್ತ ನೀರಿಗೆ ಓಡಿದರು. ಒಬ್ಬಳು ಮಾತ್ರ ಓಡಲಿಲ್ಲ. ಕೆಂಪು ಟೋಪಿ, ಕ್ಯಾಮೆರಾದತ್ತ ಬೆನ್ನು. ಅಲೆಯ ಅಂಚಿನಲ್ಲಿ ಬಗ್ಗಿ, ಬೆರಳ ತುದಿಯಿಂದ ನೀರು ಮುಟ್ಟಿ, ಕಣ್ಣಿಗೊತ್ತಿಕೊಂಡು, ಆಮೇಲೆ ಕಾಲಿಟ್ಟಳು.

ಮುಖ ಕಾಣಬೇಕಾಗಿರಲಿಲ್ಲ. ಕಡಲಿಗೆ ಕಾಲು ತಾಗಿಸುವ ಮೊದಲು ನೀರನ್ನು ಕಣ್ಣಿಗೊತ್ತಿಕೊಳ್ಳುವ ಈ ಕ್ರಮವನ್ನು ಊರಲ್ಲಿ, ಗಂಗೊಳ್ಳಿಯ ಮರಳಿನಲ್ಲಿ ಪುಟ್ಟ ಸುಪ್ರೀತಾಳ ಕೈ ಹಿಡಿದು ಕಲಿಸಿದವಳು ರಾಜೀವಿಯೇ. ಮರುವರ್ಷ ಅದೇ ನೀರು ರಾಜೀವಿಯ ತಮ್ಮನನ್ನು ಒಯ್ದಿತು. ಸ್ವಾನ್ಸಿಗೆ ಹೊರಟ ಮಗಳ ಕೈಯನ್ನು ತನ್ನ ತಲೆಯ ಮೇಲಿಡಿಸಿ, ಸಮುದ್ರಕ್ಕಿಳಿಯುವುದಿಲ್ಲವೆಂದು ಆಣೆ ಮಾಡಿಸಿದ್ದಳು. ಆಣೆ ತಪ್ಪಿದರೆ ಕೇಡು ಆ ತಲೆಗೆ.

ಕೆಂಪು ಟೋಪಿ ಚುಕ್ಕೆಯಾಯಿತು. ಚುಕ್ಕೆ ಬೂದಿನಲ್ಲಿ ಕರಗಿತು. ಚಿತ್ರ ಮುಗಿದು ಚಪ್ಪಾಳೆ ಬಿತ್ತು. ನಿನ್ನೆ ರಾತ್ರಿ ಮಗಳ ಮೆಸೇಜು ಬಂದಿದೆ, ಇದು ಎಂದೋ ತೆಗೆದದ್ದು, ಎಲ್ಲ ಗೊತ್ತು. ಆದರೂ ರಾಜೀವಿ ಆ ಬರಿಯ ಬಿಳಿ ಬಟ್ಟೆಯನ್ನೇ ಕಾಯುತ್ತ ಕುಳಿತಳು.

ಆ ಸಮುದ್ರದ ಚಿತ್ರ ತೆಗೆದ ಗಡ್ಡದವನು ಡಬ್ಬದ ಬಳಿ ನಿಂತು ಬಜೆ ಮೆಲ್ಲುತ್ತಿದ್ದ.

"ಆ ಕೆಂಪು ಟೋಪಿಯವಳು," ರಾಜೀವಿ ಇಂಗ್ಲಿಷಿನಲ್ಲಿ ಮಾತು ಜೋಡಿಸಿದಳು, "ಆಮೇಲೆ ಹೊರಗೆ ಬಂದಳಾ?"

ಅವನು ನಕ್ಕ. "ಬಂದಳು, ಎಲ್ಲರಿಗಿಂತ ಕೊನೆಗೆ. ನಮ್ಮ ಟೀ ಮುಗಿದಿರುತ್ತದೆ, ಅವಳಿನ್ನೂ ನೀರಲ್ಲೇ. ವರ್ಷದಿಂದ ಪ್ರತಿ ಭಾನುವಾರ ಇದೇ ಕಥೆ. ಮೊದಮೊದಲು ದಡದಲ್ಲೇ ಕೂತು ಅಳುತ್ತಿದ್ದಳಂತೆ. ಈಗ ಅಂಗಾತ ಮಲಗಿ ಹಾಡಿಕೊಳ್ಳುತ್ತಾಳೆ. ನಿಮಗೆ ಗೊತ್ತಾ ಅವಳು?"

"ಇಲ್ಲ," ಎಂದಳು ರಾಜೀವಿ.

ವರ್ಷದಿಂದ. ದಾರಿಯಲ್ಲಿ ಅವಳು ತನ್ನ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ಬೈತಲೆ, ನಾಲ್ಕು ಬಿಳಿಕೂದಲು. ತಲೆ ಇದ್ದಲ್ಲೇ ಇತ್ತು, ಯಾವ ಕೇಡೂ ತಟ್ಟಿರಲಿಲ್ಲ. ಫೋನಿನಲ್ಲಿ ಒಂದು ಮಾತು ಕೇಳಿದರೆ ಸಾಕು, ಸುಪ್ರೀತಾ ಇನ್ನೆಂದೂ ನೀರಿಗಿಳಿಯಳು. ಆಮೇಲೆ ಆ ಹಾಡು?

ಮನೆಯ ಬಾಗಿಲು ತೆಗೆಯುವಷ್ಟರಲ್ಲಿ ಮಗಳದೇ ಫೋನು.

"ಅಮ್ಮ, ಹೌ ವಾಸ್ ಇಟ್? ಯಾವ್ ಯಾವ್ ಫಿಲ್ಮ್ ತೋರಿಸಿದ್ರು?" ದನಿ ತುಸು ಎಚ್ಚರದ್ದು.

"ಕುರಿದೊಂದ್, ಗಣಿದೊಂದ್. ಮತ್ತೆ ನಂಗೆ ನಿದ್ರಿ ಬಂತ್ ಮಗಾ."

"ಓಕೆ ಅಮ್ಮ," ಎಂದಳು ಸುಪ್ರೀತಾ, ನಗುತ್ತಿದ್ದಂತಿತ್ತು.

ನಾಳೆ ಸ್ವಾನ್ಸಿಗೆ ಹೋಗಬೇಕಿದ್ದ ಪಾರ್ಸೆಲ್ಲು ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು. ರಾಜೀವಿ ಕಪಾಟಿನಿಂದ ಮನೆಯಲ್ಲಿದ್ದ ದೊಡ್ಡ ಟವೆಲನ್ನು ತಂದಳು.

"ಅದೆಂತಕೆ?" ದೇವದಾಸ ಟಿವಿಯಿಂದ ಕಣ್ಣು ತೆಗೆದ. "ಅಲ್ಲ್ ಟವೆಲ್ ಸಿಕ್ಕುದಿಲ್ಯಾ?"

"ಇಷ್ಟ್ ದಪ್ಪದ್ದ್ ಸಿಕ್ಕುದಿಲ್ಲೆ."

"ಸಮಾ ಆಯ್ತ್. ನಾಳೆ ಹಾಸ್ಗಿಯೂ ಕಳ್ಸ್."

ಇವನಿಗೂ ಹೇಳುವುದಿಲ್ಲ, ಅವಳಿಗೂ ಹೇಳುವುದಿಲ್ಲ. ಯಾರಿಗೂ ಇಲ್ಲ. ಚಟ್ನಿಪುಡಿಯ ಪೊಟ್ಟಣಗಳನ್ನೆತ್ತಿ ಟವೆಲನ್ನು ತಳದಲ್ಲಿ ಹಾಸಿ, ಪೆಟ್ಟಿಗೆಯ ಬಾಯಿ ಮುಚ್ಚಿ, ರಾಜೀವಿ ಟೇಪಿನ ಮೇಲೆ ಅಂಗೈಯನ್ನು ನಿಧಾನವಾಗಿ ಎಳೆದಳು.