ಲೈನು ಬಂದ ಮೇಲಿನ ಹತ್ತು ನಿಮಿಷ

ಮಿರಜಿನ ನಮ್ಮ ಡಯಾಲಿಸಿಸ್ ಕೇಂದ್ರದಲ್ಲಿ ಕರೆಂಟಿನ ಕೆಲಸವೆಲ್ಲ ನನ್ನದು. ಎರಡು ದಿನದ ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಲೈನು ಹೋಗಿ ಜನರೇಟರ್ ಓಡುತ್ತಿತ್ತು. ಅಷ್ಟರಲ್ಲಿ ಲೈನು ಬಂತು. ಬಂದ ಕ್ಷಣವೇ, ಲೈನು-ಜನರೇಟರ್ ತಾನಾಗಿ ಬದಲಿಸುವ ಸ್ವಿಚ್ಚು ಖಟ್ಟನೆ ಲೈನಿಗೆ ಹೊರಳಿತು, ಜನರೇಟರ್ ಅಲ್ಲಿಗೇ ನಿಂತಿತು.

ಹಾಗಾಗಬಾರದು. ಬಂದ ಲೈನು ನಿಲ್ಲುತ್ತದೋ ಇಲ್ಲವೋ ಎಂದು ಸ್ವಿಚ್ಚು ಹತ್ತು ನಿಮಿಷ ಕಾದು ನೋಡಬೇಕು. ಹೊರಳಿದ ಮೇಲೂ ಜನರೇಟರ್ ಐದು ನಿಮಿಷ ಬರಿದೇ ಓಡಿ ತಣ್ಣಗಾಗಬೇಕು. ಸ್ವಿಚ್ಚಿನ ಪ್ಯಾನೆಲ್ಲಿನಲ್ಲಿ ಆ ಸಮಯಗಳನ್ನು ನಾನೇ ಹಚ್ಚಿಟ್ಟಿದ್ದೆ.

ಅರ್ಧ ನಿಮಿಷದಲ್ಲಿ ಲೈನು ಮತ್ತೆ ಹೋಯಿತು. ಯಂತ್ರಗಳೆಲ್ಲ ಒಮ್ಮೆಲೇ ಕಿರುಚಿದವು. ಜನರೇಟರ್ ಎದ್ದಿತು, ಲೈನು ಬಂತು, ಖಟ್, ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಧೋಂಡಪ್ಪ ಕಾಕಾನ ಯಂತ್ರ ಚಾಲೂ ಆಗಲೇ ಇಲ್ಲ. ಮ್ಹೈಸಾಳದಿಂದ ಬರುವ ಕುರಿಗಾರ ಅವನು. ಅವನ ರಕ್ತ ನಳಿಗೆಯಲ್ಲೇ ನಿಂತಿತ್ತು. ನರ್ಸ್ ಧನಶ್ರೀ ಹಿಡಿಕೆ ಹಾಕಿ, ಪಂಪು ಕೈಯಿಂದಲೇ ತಿರುಗಿಸಿ ರಕ್ತವನ್ನು ಮೈಗೆ ಮರಳಿಸತೊಡಗಿದಳು.

ನಾನು ಓಡಿಹೋಗಿ ಸ್ವಿಚ್ಚನ್ನು ಜನರೇಟರ್ ಮೇಲೆ ನಿಲ್ಲಿಸಿದೆ. ನೋಡಿದರೆ ಹತ್ತು, ಐದು ಇರಬೇಕಾದಲ್ಲಿ ಎರಡೂ ಕಡೆ ಸೊನ್ನೆ! ಒಳಗೆ ಮರಳಿ, ಇದನ್ನು ಯಾರು ಮುಟ್ಟಿದರೆಂದು ಕೇಳಿದೆ.

“ನಾನೇ ಮಾಡಿಸಿದ್ದು,” ಎಂದ ಮ್ಯಾನೇಜರ್ ನಿಲೇಶ, ಮರಾಠಿಯಲ್ಲಿ. “ನಿನ್ನೆ ಟ್ರಸ್ಟಿಗಳು ಬಂದಿದ್ದರು. ಲೈನು ಬಂದರೂ ಜನರೇಟರ್ ಗದ್ದಲ ನಿಲ್ಲಲಿಲ್ಲ, ಮಾತೇ ಕೇಳಿಸಲಿಲ್ಲ.”

ಸಿಟ್ಟಿಗೆ ನನ್ನ ಬಾಯಿಂದ ಕನ್ನಡವೇ ಬಂತು. “ನಿಮ್ಮ ಮಾತು ಕೇಳಸಲಿಲ್ಲಂತ ಮಂದೀ ರಕ್ತ ನಿಲ್ಲಸ್ತೀರೇನ್ರಿ?”

ಪಂಪು ತಿರುಗಿಸುತ್ತಲೇ ಧನಶ್ರೀ ಅದನ್ನು ಮರಾಠಿಗೆ ಇಳಿಸಿದಳು, ಒಂದು ಶಬ್ದವನ್ನೂ ಮೆತ್ತಗೆ ಮಾಡದೆ.

“ಏನೂ ಆಗಲಿಲ್ಲವಲ್ಲ,” ಎಂದ ನಿಲೇಶ.

“ಆಗೇತ್ರಿ,” ಎಂದ ಕಾಕಾ ಮಲಗಿದಲ್ಲಿಂದಲೇ. “ಇನ್ನಾ ಎರಡು ತಾಸು ಉಳದೇತಿ. ನಾಳೆ ಮತ್ತ ಬರಬೇಕು. ನನ್ನ ಕುರಿ ಯಾರು ಕಾಯ್ತಾರು, ನೀವೇನು?”

ನಡೆದದ್ದನ್ನೆಲ್ಲ ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಓದಿ, ನಿಲೇಶನಿಂದ ಪ್ಯಾನೆಲ್ಲಿನ ಕೀಲಿ ತರಿಸಿ ನನ್ನ ಕೈಗೆ ಕೊಟ್ಟರು. ನಾನು ಮತ್ತೆ ಹತ್ತು, ಐದು ಹಚ್ಚಿದೆ.

ಮಧ್ಯಾಹ್ನ ಲೈನು ಬಂದಾಗ ನಿಲೇಶನನ್ನು ಕರೆದು ಪ್ಯಾನೆಲ್ ಎದುರು ನಿಲ್ಲಿಸಿದೆ. ಏಳನೆಯ ನಿಮಿಷಕ್ಕೆ ಲೈನು ಹೋಯಿತು. ಸ್ವಿಚ್ಚು ಹೊರಳಿರಲೇ ಇಲ್ಲ. ಒಳಗೆ ಒಂದು ದೀಪವೂ ಮಿಣುಕಲಿಲ್ಲ. ಅವನು ಮೊಬೈಲು ನೋಡುತ್ತ ಹೊರಟುಹೋದ.

ಮರುದಿನ ಕಾಕಾ ಬಂದ. ನಿಲೇಶ ಅವನ ಮುಂದೆಯೇ ಎರಡು ಸಲ ಹಾದುಹೋದ. ತಪ್ಪಾಯಿತು ಎಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ.