ಎಡಗಿವಿಗೆ ಜಪಾನ್ ಹಾಡು

ಹೆಬ್ಬೆರಳು ಎದ್ದಿತು, ಬಿತ್ತು, ಎದ್ದಿತು, ಬಿತ್ತು — ಮಗಳ ಬಲಗಾಲಿನ ಹೆಬ್ಬೆರಳು, ಉಗುರಿನ ಬಣ್ಣ ಅರ್ಧ ಕಿತ್ತುಹೋಗಿದೆ, ಪಕ್ಕದ ಬೆರಳು ಇನ್ನೂ ಬರಿದು, ಇಪ್ಪತ್ತಾರು ದಿನ ಕಳೆದರೆ ಅದಕ್ಕೂ ಮೆಟ್ಟಿ, ಮದುವೆಯ ಕಾಲುಂಗುರ, ಬರುತ್ತದೆ, ಚಪ್ಪಲಿ ಬಿಟ್ಟು ಬಸ್ಸಿನ ತಗಡಿನ ಮೇಲೆ ಬರಿಗಾಲು ಇಟ್ಟಿದ್ದಾಳೆ, ಓಮಲೂರು ದಾಟಿದರೂ ಬಿಸಿಲು ಏರಿಲ್ಲ, ಸದ್ಯ, ಇಲ್ಲದಿದ್ದರೆ ಚುರ್ ಎನ್ನುತ್ತಿತ್ತು, ಒಂದು ಎರಡು ಮೂರು, ಸ್ವಲ್ಪ ತಡೆದು, ನಾಲ್ಕು — ಸಿಕ್ಕಿತು, ರೈಲು ಹಾಡು, ಮೂರಾದ ಮೇಲೆ ಹೀಗೆ ತಡೆಯುವುದು ಅದೊಂದೇ. ಇಂದುಜಾ ಪೂರ್ತಿ ನನ್ನ ಕಡೆ ತಿರುಗಿ, ಹೇಳಪ್ಪಾ, ಇದ್ಯಾವ್ದು, ಅನ್ನುತ್ತಾಳೆ, ರೈಲು ಪಾಟು ಕಣಮ್ಮಾ, ಇದೂ ಗೊತ್ತಾಗಾಕಿಲ್ವಾ ನಂಗೆ, ಬೇರೆ ಆಕು, ಅನ್ನುತ್ತೇನೆ, ಅವಳು ನಗುತ್ತಾಳೆ, ನಾನೂ ನಗುತ್ತೇನೆ, ಇಯರ್‌ಫೋನಿನ ಒಂದೇ ವೈರು ಅವಳ ಬಲಗಿವಿಯಿಂದ ನನ್ನ ಎಡಗಿವಿಗೆ, ವೈರಿಲ್ಲದ ಹೊಸದನ್ನು ತಂದಿದ್ದಳು, ನಾನೇ ಬೇಡ ಅಂದೆ, ವೈರಿದ್ದರೆ ಅವಳು ತಲೆ ಆಡಿಸಿದ್ದು ನನ್ನ ಕಿವಿಗೆ ತಿಳಿಯುತ್ತದೆ. ಕಿವಿಯಲ್ಲಿ ಆ ತುಂಡು ಗಟ್ಟಿಯಾಗಿಯೇ ಕೂತಿದೆ, ಒಳಗಿಂದ ಮಾತ್ರ ಏನೂ ಬರುತ್ತಿಲ್ಲ, ಜಪಾನ್ ಹುಡುಗಿ ಹಾಡುತ್ತಿದ್ದಾಳೋ ಸುಮ್ಮನಿದ್ದಾಳೋ ದೇವರಿಗೇ ಗೊತ್ತು, ನನ್ನ ಬಲಗಿವಿ ಹೋಗಿ ಮೂರು ವರ್ಷ, ಎಡಗಿವಿ ಹೋಗಿ ಎಂಟು ತಿಂಗಳು, ಆ ಬೆರಳನ್ನು ನೋಡಿಕೊಂಡು ನಾನು ಹಾಡಿನ ಹೆಸರು ಹೇಳುತ್ತೇನೆ ಅನ್ನುವುದು ನನ್ನನ್ನು ಬಿಟ್ಟರೆ ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿದ್ದಳು ಆಗ, ನಾನು ಹಗಲು ಶಿಫ್ಟ್ ಮುಗಿಸಿ ಗುಗೈ ಪೇಟೆಯ ಮನೆಗೆ ಬಂದರೆ ಬಾಗಿಲಲ್ಲಿ ಹೆಂಡತಿ ಕಣ್ಣಮ್ಮ ವಿಭೂತಿ ಹಿಡಿದು ನಿಂತಿದ್ದಾಳೆ, ನೋಡು ಬಾ ನಿನ್ ಮಗಳ್ನ, ಏನೋ ಮೆಟ್ಕೊಂಡೈತೆ, ಬಾಯಿಗೆ ಬಂದದ್ದು ಒದರ್ತಾವ್ಳೆ, ಒಳಗೆ ಹೋದರೆ ಇಂದುಜಾ ಒಂದು ಕಾಗದ ಹಿಡಿದು ಹಾಡುತ್ತಿದ್ದಾಳೆ, ತಮಿಳಕ್ಷರ, ಮಾತು ಮಾತ್ರ ತಮಿಳೂ ಅಲ್ಲ ಕನ್ನಡವೂ ಅಲ್ಲ, ಜಪಾನ್ ಪಾಟಪ್ಪಾ, ನಾನೇ ಕೇಳಿ ಕೇಳಿ ಬರ್ಕೊಂಡೆ, ಅಂದಳು, ಅವಳ ಅಮ್ಮ ಹಚ್ಚಿದ ವಿಭೂತಿ ಹಣೆ ತುಂಬ, ನಾನು ನಕ್ಕುಬಿಟ್ಟೆ, ಅವಳಿಗೆ ಸಿಟ್ಟು ಬಂದು ಆ ತುಂಡನ್ನು ನನ್ನ ಕಿವಿಗೆ ತುರುಕಿದಳು, ಕೇಳು ಒಂದ್ಸಲ, ಆಮೇಲೆ ನಗು. ಅಯ್ಯೋ, ಆ ದಿನ. ದಡಬಡ ದಡಬಡ ಅಂತ ಬೆಳಗಿನಿಂದ ಮಗ್ಗ ಬಡಿದ ಕಿವಿಯೊಳಗೆ ಒಬ್ಬ ಹುಡುಗಿ ಪಕ್ಕದಲ್ಲಿ ಕೂತು ಗುಟ್ಟು ಹೇಳುವ ಹಾಗೆ ಹಾಡಿದಳು, ಕೂಗಲಿಲ್ಲ, ಕುಣಿಸಲಿಲ್ಲ, ಒಂದು ಗಿಟಾರು ಅಷ್ಟೇ, ಬರೆಯುವವಳೂ ಅವಳೇ ರಾಗ ಕಟ್ಟುವವಳೂ ಅವಳೇ ಹಾಡುವವಳೂ ಅವಳೇ ಅಂತ ಇಂದುಜಾ ಹೇಳಿದಾಗ, ಕಣ್ಣಮ್ಮನ ಹಾಗೆ ಅನ್ನು, ಅಡುಗೆಯೂ ಅವಳದೇ ಬೈಗುಳವೂ ಅವಳದೇ, ಅಂದೆ, ಒಳಗಿನಿಂದ ಒಂದು ಚಮಚ ಹಾರಿ ಬಂತು. ಆಮೇಲೆ ದಿನವೂ ಅದೇ ಕೆಲಸ, ಶಿಫ್ಟ್ ಮುಗಿದ ಮೇಲೆ ಅಪ್ಪನಿಗೊಂದು ತುಂಡು ಮಗಳಿಗೊಂದು ತುಂಡು, ಅರ್ಥ ಗೊತ್ತಿಲ್ಲದ್ದರಿಂದ ನಾವೇ ಹೆಸರಿಟ್ಟೆವು, ರೈಲು ಹಾಡು, ಮಳೆ ಹಾಡು, ಮುನಿಸಿನ ಹಾಡು, ಶುರುವಾದ ಕೂಡಲೇ ಹೆಸರು ಹೇಳಬೇಕು, ತಡವಾದರೆ ಸೋತ ಹಾಗೆ, ನಾನು ಸೋತವನೇ ಅಲ್ಲ. ಫೋನು ನೋಡುವುದನ್ನೂ ಆಗಲೇ ಕಲಿಸಿದಳು, ಎರಡು ಕಡ್ಡಿ ಇದ್ರೆ ಹಾಡು ಓಡ್ತೈತೆ ಅಂತ, ತ್ರಿಕೋನ ಇದ್ರೆ ನಿಂತೈತೆ ಅಂತ, ಅಷ್ಟು ತಿಳ್ಕೋ ಸಾಕು. ಒಂದು ಹಾಡು ಬಂದಾಗಲೆಲ್ಲ ನನ್ನ ಕಣ್ಣಲ್ಲಿ ನೀರು, ಯಾರನ್ನೋ ಕಳಕೊಂಡಿದ್ದಾಳೆ ಪಾಪ ಅಂತ, ಕಾಲೇಜಿಗೆ ಹೋದ ಮೇಲೆ ಇಂದುಜಾ ಅರ್ಥ ಹುಡುಕಿ ತಂದಳು, ಮೂರು ದಿನವಾದರೂ ಒಣಗದ ಬಟ್ಟೆಯ ಬಗ್ಗೆಯಂತೆ ಅದು, ಬಟ್ಟೆ ಒಣಗದ ಕಷ್ಟಕ್ಕೆ ನಾನು ಆರು ವರ್ಷ ಅತ್ತಿದ್ದೇನೆ.

ಬಸ್ಸು ನಿಂತಿತು, ದೀವಟ್ಟಿಪಟ್ಟಿ, ಒಬ್ಬಳು ಕೋಳಿ ಬುಟ್ಟಿ ಹಿಡಿದು ಹತ್ತಿದಳು, ಕೋಳಿ ಬಾಯಿ ತೆರೆಯುತ್ತದೆ ಮುಚ್ಚುತ್ತದೆ, ಕೂಗುತ್ತಿರಬೇಕು, ಕಂಡಕ್ಟರ್ ಅವಳಿಗೆ, ಕೋಳಿಕ್ಕುಂ ಟಿಕೆಟ್ ವೇಣುಂ, ಅನ್ನುತ್ತಿದ್ದಾನೆ, ಕೋಳಿಗೂ ಟಿಕೆಟ್ ಬೇಕಂತೆ, ಅವನ ತುಟಿಯಲ್ಲಿ ಕಂಡಿತು, ಅವಳು ಕೊಟ್ಟ ಉತ್ತರವೂ ಕಂಡಿತು, ಅದನ್ನು ಮಗಳ ಪಕ್ಕ ಕೂತು ಹೇಳುವ ಹಾಗಿಲ್ಲ. ಇಪ್ಪತ್ತೆಂಟು ವರ್ಷ ಪವರ್‌ಲೂಮ್ ಶೆಡ್ಡು, ಹದಿನಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿರುಚಿದರೂ ಕೇಳದು, ಅದಕ್ಕೇ ಅಲ್ಲಿ ಯಾರೂ ಕಿರುಚುವುದಿಲ್ಲ, ಎದುರಿನವನ ಕಡೆ ಪೂರ್ತಿ ತಿರುಗಿ, ಬಾಯಿ ಅಗಲವಾಗಿ ತೆರೆದು, ಒಂದೊಂದೇ ಮಾತನ್ನು ತುಟಿಯಲ್ಲಿ ಇಡಬೇಕು, ಅವನು ನೋಡಿ ತಿಳಿದುಕೊಳ್ಳುತ್ತಾನೆ, ತಿಮ್ಮಪ್ಪ ನಾಲ್ಕು ಮಗ್ಗದ ಆಚೆಯಿಂದ ಮಾಲೀಕನನ್ನು ಬೈದರೆ ನಾನು ಈಚೆ ನಗುತ್ತಿದ್ದೆ, ಮಾಲೀಕ ಇಬ್ಬರ ನಡುವೆಯೇ ನಿಂತಿರುತ್ತಿದ್ದ. ಆ ವಿದ್ಯೆಯಿಂದಲೇ ಮನೆಯಲ್ಲಿ ಸಿಕ್ಕಿಬಿದ್ದಿಲ್ಲ ನಾನು, ಮುಖ ಕಂಡರೆ ಸಾಕು, ಕನ್ನಡ ಆಗಲಿ ತಮಿಳು ಆಗಲಿ, ಬೆನ್ನ ಹಿಂದೆ ಕರೆದರೆ ಮಾತ್ರ ತೊಂದರೆ, ಅದಕ್ಕೂ ಕಣ್ಣಮ್ಮ ಮೂವತ್ತು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಾಳೆ, ಈ ಮನ್ಸನ್ಗೆ ಬೇಕಾದ್ದು ಮಾತ್ರ ಕೇಳ್ಸತೈತೆ, ಕಿವಿ ನೆಟ್ಟಗಿದ್ದಾಗಲೂ ಅದೇ, ಈಗಲೂ ಅದೇ, ಬದುಕಿದೆ. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಗುಬ್ಬಿ, ಆಮೇಲೆ ಜಪಾನ್ ಹುಡುಗಿಯ ಗಂಟಲು, ಗಿಟಾರಿನ ದಪ್ಪ ತಂತಿ ಒಂದಷ್ಟು ದಿನ ಉಳಿದಿತ್ತು, ಒಂದು ಸಂಜೆ ಅದೂ ಇಲ್ಲ. ಅವಳ ತುಟಿ ನೋಡಿ ತಿಳಿಯೋಣವೆಂದು ಫೋನಿನಲ್ಲಿ ವಿಡಿಯೋ ಹಾಕಿಸಿ ನೋಡಿದೆ, ಬಾಯಿ ಆಡುತ್ತದೆ, ಒಂದು ಮಾತೂ ಸಿಕ್ಕಲಿಲ್ಲ, ಗೊತ್ತಿಲ್ಲದ ಭಾಷೆಯನ್ನು ತುಟಿಯಲ್ಲಿ ಏನಂತ ಓದುವುದು, ಅಂದು ಮಾತ್ರ ನನಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತೆ.

ಹೇಳಿಬಿಡಬಹುದಿತ್ತು, ಕಿವಿಗೆ ಮೆಷಿನ್ ಇಟ್ಟುಕೊಳ್ಳಲು ನನಗೇನೂ ನಾಚಿಕೆ ಇಲ್ಲ, ತಿಮ್ಮಪ್ಪ ಇಟ್ಟುಕೊಂಡಿದ್ದಾನೆ, ಮದುವೆ ಮುಗಿಯಲಿ, ನಾನೂ ಇಟ್ಟುಕೊಳ್ಳುತ್ತೇನೆ, ನನ್ನ ಹೆದರಿಕೆ ಬೇರೆ, ಅಪ್ಪನಿಗೆ ಕೇಳಿಸುವುದಿಲ್ಲ ಅಂತ ಗೊತ್ತಾದರೆ ಇವಳು ಈ ತುಂಡನ್ನು ಮತ್ತೆ ನನ್ನ ಕಿವಿಗೆ ಇಡುತ್ತಾಳೆಯೇ? ಯಾಕೆ ಇಡಬೇಕು? ಕೇಳದ ಕಿವಿಗೆ ಹಾಡು ಯಾಕೆ? ಎರಡೂ ತುಂಡು ಅವಳೇ ಹಾಕಿಕೊಳ್ಳುತ್ತಾಳೆ, ಇನ್ನು ಇಪ್ಪತ್ತಾರು ದಿನ, ಆಮೇಲೆ ಹರೂರು, ಧನಶೇಖರನ ಮನೆ, ಒಳ್ಳೆಯ ಹುಡುಗ, ಅವನ ಕಿವಿ ಎರಡೂ ಚೆನ್ನಾಗಿವೆ, ಇರಲಿ, ಅವನೂ ಕೇಳಲಿ, ಈ ಇಪ್ಪತ್ತಾರು ದಿನವನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಹಳೆಯ ಹಾಡುಗಳಿಗೆ ತೊಂದರೆ ಇಲ್ಲ, ಎಲ್ಲವೂ ತಲೆಯೊಳಗೆ ಇವೆ, ಬೆರಳು ತಾಳ ಕೊಟ್ಟರೆ ಹಾಡು ತಾನಾಗಿ ಹೊರಡುತ್ತದೆ, ಉಸಿರು ಎಳೆಯುವ ಜಾಗವೂ ನೆನಪಿದೆ. ಇವಳೂ ಈಗೀಗ ಬದಲಾಗಿದ್ದಾಳೆ, ಏನು ಹೇಳಬೇಕಾದರೂ ಎದುರಿಗೆ ಬಂದು, ಬಾಯಿ ಅಗಲವಾಗಿ ತೆರೆದು ಹೇಳುತ್ತಾಳೆ, ಮದುವೆ ಗೊತ್ತಾದ ಮೇಲೆ ಹುಡುಗಿಗೆ ಧೈರ್ಯ ಬಂದಿದೆ, ಬರಲಿ, ನನ್ನ ಅಕ್ಕ ಅಂಜಮ್ಮಕ್ಕನ ಎದುರು ಧೈರ್ಯ ಬೇಕೇ ಬೇಕು, ಧರ್ಮಪುರಿಯಲ್ಲಿ ಅವಳಿಗೆ ಮೊದಲ ಲಗ್ನಪತ್ರಿಕೆ ಕೊಡದೆ ಬೇರೆ ಯಾರಿಗೆ ಕೊಟ್ಟರೂ ಅವಳು ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂರುವುದಿಲ್ಲ, ಪತ್ರಿಕೆ ಚೀಲದಲ್ಲಿದೆ, ಮೂಲೆಗೆ ಅರಿಶಿನ ಹಚ್ಚಿದ್ದು ನಾನೇ.

ತೊಪ್ಪೂರು ಬಂತು, ಬಸ್ಸು ಘಾಟಿ ಏರುತ್ತಿದೆ, ಸೀಟಿನ ಕೆಳಗಿನ ನಡುಕ ಬದಲಾಯಿತು, ಮುಂದೆ ಲಾರಿಗಳ ಸಾಲು, ಇಂದುಜಾ ತಿರುಗಿ, ಕಿವಿ ಅಡಚ್ಕೊಂತಾ ಅಪ್ಪಾ, ಅನ್ನುತ್ತಾಳೆ, ಇಲ್ಲಮ್ಮಾ ಅಂದುಬಿಟ್ಟೆ, ದಡ್ಡ, ಹೂಂ ಅಂದಿದ್ದರೆ ಧರ್ಮಪುರಿಯವರೆಗೂ ಒಂದು ನೆಪ ಸಿಗುತ್ತಿತ್ತು. ಅಪ್ಪಾ, ಒಂದ್ ಹೊಸ ಹಾಡು ಬಂದೈತೆ, ನಿನ್ನೇನೇ ಬಂತು, ನಾನೂ ಕೇಳಿಲ್ಲ, ನಿನ್ ಜೊತೆ ಕೇಳಾವ ಅಂತ ಇಟ್ಕೊಂಡೆ. ಹೊಸ ಹಾಡು! ತಲೆಯೊಳಗೆ ಅದು ಇಲ್ಲವಲ್ಲ, ನೆನಪಿನಿಂದ ತೆಗೆಯಲು ಏನೂ ಇಲ್ಲವಲ್ಲ, ಆಕಮ್ಮಾ ಆಕು, ಅನ್ನುತ್ತೇನೆ, ಅವಳು ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟಳು, ಬೆರಳು ಎದ್ದಿತು, ಬಿತ್ತು, ನಿಧಾನವಾದ ಹಾಡು, ಎರಡು ಎರಡಾಗಿ ನಡೆಯುತ್ತಿದೆ, ಹಿಡಿದುಕೊಂಡೆ, ತಲೆ ಆಡಿಸಿದೆ, ಜಪಾನ್ ಹುಡುಗಿಗೂ ವಯಸ್ಸಾಗಿರಬೇಕು, ಅದಕ್ಕೇ ನಿಧಾನ, ಕಣ್ಣು ಮುಚ್ಚಿದರೆ ತಾಳ ತಪ್ಪುತ್ತದೆ, ಮುಚ್ಚಲಿಲ್ಲ. ಎಂಗೈತಪ್ಪಾ? ಸೂಪರಾ ಐತಮ್ಮಾ, ಒಣಗದ ಬಟ್ಟೆ ಹಾಡಿಗಿಂತ ಚೆಂದ, ಆ ನಡುವೆ ಗಿಟಾರು ಬಂತಲ್ಲ, ಅಡಡಾ. ಅವಳು ನನ್ನನ್ನೇ ನೋಡಿದಳು, ನೆಜಾನಾ ಅಪ್ಪಾ? ನೆಜ. ಸರಿಪ್ಪಾ, ಇನ್ನೂ ಕೇಳು, ಅಂದು ಕಿಟಕಿಯ ಕಡೆ ತಿರುಗಿದಳು, ಗುಡ್ಡ, ಕೋತಿ, ಲಾರಿ, ಮುಂದಿನ ಲಾರಿ ಏರಲಾರದೆ ನಿಂತಿತು, ಬಸ್ಸು ಜಗ್ಗಿ ನಿಂತಿತು, ಫೋನು ಅವಳ ಮಡಿಲಿನಿಂದ ಜಾರಿತು, ನಾನು ಹಿಡಿದೆ, ಹಿಡಿದದ್ದು ಅವಳು ನೋಡಲಿಲ್ಲ, ಪರದೆ ಬೆಳಗಿತು, ಜಪಾನ್ ಹುಡುಗಿಯ ಚಿತ್ರ, ಹಳದಿ ಕೊಡೆ ಹಿಡಿದಿದ್ದಾಳೆ, ಕೆಳಗೊಂದು ಗೆರೆ, ಗೆರೆಯ ತುದಿಯಲ್ಲೇ ಚುಕ್ಕೆ, ಒಂಚೂರೂ ಮುಂದೆ ಹೋಗಿಲ್ಲ, ಸೊನ್ನೆ ಸೊನ್ನೆ, ಎರಡು ಕಡ್ಡಿ ಇಲ್ಲ, ತ್ರಿಕೋನ. ಹಾಡು ಶುರುವೇ ಆಗಿಲ್ಲ, ಇಷ್ಟು ಹೊತ್ತು ನಾನು ತಲೆ ಆಡಿಸಿದ್ದು ಯಾವುದಕ್ಕೆ — ಪೂರ್ತಿ ತಿರುಗುವ ಮುಖ, ಅಗಲವಾಗಿ ತೆರೆಯುವ ಬಾಯಿ, ನನಗೆ ಕಾಣಲೆಂದು ಬಿಟ್ಟ ಚಪ್ಪಲಿ, ಯಾವಾಗಿನಿಂದ ಗೊತ್ತು ಮಗಳೇ, ಯಾವಾಗಿನಿಂದ — ಫೋನನ್ನು ಮೆಲ್ಲಗೆ ಅವಳ ಮಡಿಲಲ್ಲಿ ಮೊದಲಿನ ಹಾಗೇ ಮಗುಚಿ ಇಡುತ್ತೇನೆ, ಅವಳು ಕಿಟಕಿಯ ಆಚೆಯೇ ನೋಡುತ್ತಿದ್ದಾಳೆ, ಕೆಳಗೆ, ತಗಡಿನ ಮೇಲೆ, ಹೆಬ್ಬೆರಳು ಎದ್ದಿತು, ಬಿತ್ತು, ಎದ್ದಿತು