ಮೇಲ್ಕಂಡ ಕಾರಣಗಳಿಂದ

ಹಳೆಯ ಪೇಪರು ಹಾಸಿಕೊಂಡು ನೆಲದ ಮೇಲೆ ಕೂತು ವಿದ್ಯಾಶ್ರೀ ಪೆನ್ಸಿಲ್ ಹೆರೆಯುತ್ತಿದ್ದಳು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಮದುವೆಯಾಗಿ ಸಿಂಗಪುರಕ್ಕೆ ಬಂದ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸ. ಇವತ್ತು ಯಾರೂ ಹೇಳಿರಲಿಲ್ಲ. ಪೆನ್ಸಿಲಿನ ಒಡೆಯರು, ಅವಳ ಮಾವ ಸಂಗನಬಸಪ್ಪ, ಎಂಟು ಅಂತಸ್ತು ಕೆಳಗೆ, ಕಟ್ಟಡದ ಬುಡದ ತೆರೆದ ಪಡಸಾಲೆ ವಾಯ್ಡ್ ಡೆಕ್ಕಿನಲ್ಲಿ, ಬಿಳಿ ಹೂವಿನ ನಡುವೆ ಪೆಟ್ಟಿಗೆಯೊಳಗೆ ಮಲಗಿದ್ದರು.

ಪೆನ್ಸಿಲನ್ನು ಡಬ್ಬಿಗೆ ಹಾಕಹೋದಾಗ ತಳದಲ್ಲಿ ಮಡಚಿಟ್ಟ ಕಾಗದ ಕಂಡಿತು. ಮೇಲೆ ಮಾವನ ಗುಂಡು ಅಕ್ಷರ: 'ಈರವ್ವನಿಗೆ.' ಬಿಚ್ಚಿ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿದಳು. ಹೆರೆದ ಪುಡಿಯನ್ನು ಅಲ್ಲೇ ಬಿಟ್ಟು ಲಿಫ್ಟಿಗೆ ಓಡಿದಳು.

ಕೆಳಗೆ ಅವಳ ಗಂಡ ಆನಂದಕುಮಾರ ಫೋನನ್ನು ಸ್ಪೀಕರಿಗೆ ಹಾಕಿ ನಿಂತಿದ್ದ. ಗದಗಿನಿಂದ ಅವನ ಸೋದರತ್ತೆ ಈರವ್ವನ ದನಿ ಕಂಬಕಂಬಕ್ಕೆ ಬಡಿಯುತ್ತಿತ್ತು.

"ಸುಡ್ತೀರೇನೋ? ನಮ್ಮ ಮನಿತನದಾಗ ಯಾರನ್ನ ಸುಟ್ಟಾರ? ಕೂಡಿಸಿ ಮಣ್ಣು ಮಾಡ್ತೀವಿ ನಾವು!"

"ಇಲ್ಲಿ ಹಂಗ ಆಗೂದಿಲ್ಲ, ಅತ್ತಿ."

"ಯಾಕ ಆಗೂದಿಲ್ಲ?"

"ಆಗೂದಿಲ್ಲ ಅಂದ್ರ ಆಗೂದಿಲ್ಲ. ಮೂರು ಗಂಟೆಗೆ ಮಂಡೈ ಚಿತಾಗಾರದಾಗ ಬುಕ್ ಮಾಡೀನಿ."

"ನಾ ಹ್ಞೂಂ ಅನ್ನೂದಿಲ್ಲ. ಮಾಡಿದ್ರ, ನನ್ನ ಪಾಲಿಗೆ ನೀವೂ ಇಲ್ಲ."

ತಾಯಿ ಸತ್ತಾಗ ಆರು ವರ್ಷದವರಾಗಿದ್ದ ಸಂಗನಬಸಪ್ಪನವರನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕನೇ. ಅವಳ ಹ್ಞೂಂ ಇಲ್ಲದೆ ಪೆಟ್ಟಿಗೆ ಎತ್ತಲು ಆನಂದಕುಮಾರನ ಕೈ ಏಳುತ್ತಿರಲಿಲ್ಲ. ಆಗಲೇ ಗಂಟೆ ಹನ್ನೊಂದು.

ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತ, ಇಲ್ಲೇ ನೆಲೆಸಿದ ಬೆಂಗಳೂರಿನ ಪರಿಚಯದವರು ಮೆಲ್ಲಗೆ ಮಾತಾಡುತ್ತಿದ್ದರು.

"ಅಂಕಲ್ ಜಡ್ಜ್ ಆಗಿದ್ರಾ?" ಭಾನುಮತಿ ಕೇಳಿದರು.

"ಸ್ಟೆನೋ ರೀ," ಎಂದ ಪ್ರತಾಪ್. "ಆದ್ರೆ ಜಡ್ಜ್‌ಗಳಿಗೇ ತೀರ್ಪು ಬರೆಯೋದು ಹೇಳ್ಕೊಡ್ತಿದ್ರು."

"ಸ್ಟೆನೋನಾ? ಜಡ್ಜ್‌ಗಳಿಗಾ?"

"ಟೈಪ್ ಮಾಡ್ತಾ ಮಾಡ್ತಾ ನಿಲ್ಲಿಸ್ಬಿಡ್ತಿದ್ರಂತೆ. 'ಸಾಹೇಬ್ರೇ, ಸೋತವನಿಗೆ ತಾನು ಯಾಕೆ ಸೋತೆ ಅಂತ ಇದ್ರಲ್ಲಿ ಗೊತ್ತಾಗುತ್ತಾ?' ಅಂತ. ಮೊದಮೊದಲು ಬೈದವರೇ ಆಮೇಲೆ ಟ್ರೈನಿಂಗ್ ಕ್ಲಾಸಿಗೆ ಕರ್ಕೊಂಡು ಹೋದ್ರು. ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗ್ ಮಿನಿಟ್ಸ್ ತೋರಿಸಿದ್ದೆ ಒಂದ್ಸಲ. ಪೂರ್ತಿ ಕೆಂಪು ಮಾಡಿ ಕೊಟ್ರು ಪುಣ್ಯಾತ್ಮ!"

ಭಾನುಮತಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು.

*

ನಿವೃತ್ತಿಯಾಗಿ ಮಗನ ಮನೆಗೆ ಬಂದ ಮೇಲೂ, ಊರಿನ ಹೊಸ ಜಡ್ಜರು ಅಭ್ಯಾಸಕ್ಕೆಂದು ಬರೆದ ತೀರ್ಪುಗಳು ಈಮೇಲಿನಲ್ಲಿ ಬರುತ್ತಿದ್ದವು. ಅವನ್ನು ಪ್ರಿಂಟ್ ತೆಗೆಸಿ, ಊಟದ ಟೇಬಲ್ಲಿನ ಒಂದು ಬದಿಗೆ ಸಂಗನಬಸಪ್ಪನವರು ಕೂತು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಂದು ಬದಿಗೆ ವಿದ್ಯಾಶ್ರೀ ಬೀನ್ಸ್ ಹೆಚ್ಚುತ್ತಿದ್ದಳು. ಮೊದಲ ದಿನ ಅವರು ನಡುವೆ ನಿಲ್ಲಿಸಿ ಕೇಳಿದ್ದರು.

"ತಿಳೀತೇನವ್ವ?"

"ಎಂಟನೆತ್ತಕ್ಕ ಸಾಲಿ ಬಿಟ್ಟಾಕಿ ನಾ. ನನಗ ಹೆಂಗ ತಿಳೀತದ್ರಿ, ಮಾವಾರ."

"ಕೋರ್ಟಿಗೆ ಬರೂ ಮಂದಿ ಎಲ್ಲಾ ಎಂ.ಎ. ಮಾಡಿರ್ತಾರೇನು? ನಿನಗ ತಿಳೀಲಿಲ್ಲಂದ್ರ ತಪ್ಪು ಬರದಾವಂದು. ಬಳ್ಳು ಎತ್ತಿ ಹೇಳು, 'ಇನ್ನೊಮ್ಮೆ ಓದ್ರಿ' ಅಂತ."

ಆಮೇಲೆ ಅದೇ ಕ್ರಮವಾಯಿತು. ಅವಳ ಬೆರಳು ಎದ್ದ ಕಡೆ ಅವರು ಇನ್ನೊಮ್ಮೆ ಓದುವರು. ಆಗಲೂ ಬೆರಳು ಇಳಿಯದಿದ್ದರೆ ಕೆಂಪು ಗೆರೆ, ಜಡ್ಜರಿಗೆ ವಾಪಸ್ಸು.

ಒಂದು ದಿನ ಓದಿದರು: "'ಮೇಲ್ಕಂಡ ಕಾರಣಗಳಿಂದ ದಾವೆಯನ್ನು ವಜಾ ಮಾಡಲಾಗಿದೆ.' ಮ್ಯಾಲ ಏನೈತಿ, ನೋಡು?"

ಅವಳು ಕತ್ತೆತ್ತಿ ನೋಡಿದಳು. "ಫ್ಯಾನ್ ಐತ್ರಿ."

ಕೆಮ್ಮು ಬರುವಷ್ಟು ನಕ್ಕರು. ಅಂಚಿನಲ್ಲಿ ಕೆಂಪಗೆ ಬರೆದರು: 'ಮೇಲೆ ಫ್ಯಾನ್ ಮಾತ್ರ ಇದೆ. ಕಾರಣ ಬರೆಯಿರಿ.' ನಗು ನಿಂತ ಮೇಲೆ ಅವಳಿಗೆ ಹೇಳಿದರು: "ಗೆದ್ದಾವ ಕಡೀ ಸಾಲು ಅಷ್ಟ ನೋಡ್ತಾನ. ಪೂರಾ ಓದಾವ ಸೋತಾವ. ಅವನ ಮಾತಿನಾಗ ಖರೆ ಎಷ್ಟೈತಿ ಅಷ್ಟೂ ಮೊದಲು ಬರೀಬೇಕು. ಆಮ್ಯಾಲ, ಅದ್ಯಾಕ ಸಾಲಲಿಲ್ಲ ಅಂತ ಹೇಳಬೇಕು."

*

ಲಿಫ್ಟಿನಿಂದ ಓಡಿಬಂದ ವಿದ್ಯಾಶ್ರೀ ಕೊಟ್ಟ ಕಾಗದದ ಮೇಲೆ ಆನಂದಕುಮಾರ ಕಣ್ಣಾಡಿಸಿದ. ಕೊನೆಯ ಸಾಲಿಗೆ ಬಂದವನೇ ಹೆಂಡತಿಯ ಮುಖ ನೋಡಿ, ಕಾಗದವನ್ನೂ ಫೋನನ್ನೂ ಅವಳ ಕೈಗೆ ಕೊಟ್ಟ.

ನಲವತ್ತು ಜನ. ಈ ಊರಲ್ಲಿ ಅವಳು ಇಬ್ಬರ ಎದುರೂ ದನಿ ಎತ್ತಿದವಳಲ್ಲ.

"ಅತ್ತೀ, ನಾ ವಿದ್ಯಾ. ಮಾವಾರು ನಿಮಗ ಬರದಿಟ್ಟಾರ್ರಿ. ಓದ್ತೀನಿ."

ಫೋನನ್ನು ಕುರ್ಚಿಯ ಮೇಲಿಟ್ಟು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಳು.

"'ನನ್ನನ್ನು ಮಣ್ಣು ಮಾಡಬೇಕೆಂಬುದು ಈರವ್ವನ ವಾದ. ಈ ವಾದ ಸರಿಯಾದದ್ದು. ನಮ್ಮ ಮನೆತನದಲ್ಲಿ ಯಾರನ್ನೂ ಸುಟ್ಟಿಲ್ಲ. ನನಗೂ ಅವ್ವನ ಪಕ್ಕದಲ್ಲಿ ಇರುವ ಆಸೆಯಿದೆ.

'ಆದರೆ ಈ ಊರಲ್ಲಿ ಹೂಳಿದರೆ ಹದಿನೈದು ವರ್ಷ ಮಾತ್ರ ಇರಗೊಡುತ್ತಾರೆ. ಆಮೇಲೆ ಅಗೆದು, ಎಲುಬು ತೆಗೆದು ಸುಡುತ್ತಾರೆ. ಸುಡುವುದು ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ. ನನ್ನ ಮಗ ಎರಡು ಸಲ ಅಳಬೇಕಾಗುತ್ತದೆ.

'ದೇಹವನ್ನು ಊರಿಗೆ ಒಯ್ಯಬಹುದು. ಅದಕ್ಕೆ ಮೂರು ದಿನ ಹಿಡಿಯಬಹುದು. ಮಣ್ಣಾಗುವ ತನಕ ಈರವ್ವ ನೀರು ಮುಟ್ಟುವುದಿಲ್ಲ. ಆಕೆಗೆ ಎಂಬತ್ತು ವರ್ಷ, ಸಕ್ಕರೆ ಕಾಯಿಲೆ. ನನ್ನನ್ನು ಸಾಕಿದವಳು ನನ್ನ ದೆಸೆಯಿಂದ ಹಸಿದಿರಬಾರದು.

'ಮೇಲ್ಕಂಡ ಕಾರಣಗಳಿಂದ, ನನ್ನನ್ನು ಇಲ್ಲಿಯೇ ಸುಡತಕ್ಕದ್ದು. ಬೂದಿಯನ್ನೂ ನನ್ನ ಇಷ್ಟಲಿಂಗವನ್ನೂ ಅವ್ವನ ಸಮಾಧಿಯ ಪಕ್ಕ ಮಣ್ಣು ಮಾಡತಕ್ಕದ್ದು. ಮೊದಲ ಹಿಡಿ ಮಣ್ಣು ಈರವ್ವ ಹಾಕತಕ್ಕದ್ದು.'"

ಓದಿ ಮುಗಿಸಿ ಅವಳು ಫೋನನ್ನು ಮತ್ತೆ ಎತ್ತಿಕೊಂಡಳು.

ಈರವ್ವ ಕೇಳಿದಳು: "ರಾತ್ರಿಯಿಂದ ನಾ ನೀರು ಕುಡದಿಲ್ಲಂತ ಅವಗ ಹೆಂಗ ಗೊತ್ತಾತವ್ವ?"

ಮತ್ತೆ ಅವಳೇ ಕೇಳಿದಳು:

"ಮಣ್ಣಿಗೆ ಬರ್ತಾನಲ್ಲ?"

"ಬರ್ತಾರ್ರಿ, ಅತ್ತಿ. ನಾವ ತರ್ತೀವಿ."

"ಹ್ಞೂಂ," ಎಂದಳು ಈರವ್ವ. ಫೋನಿನಲ್ಲಿ ತಂಬಿಗೆ ಎತ್ತಿದ ಸದ್ದು, ಆಮೇಲೆ ಗುಟುಕಿನ ಸದ್ದು ಕೇಳಿತು.

ಪ್ರತಾಪ್ ಕನ್ನಡಕ ತೆಗೆದು ಒರೆಸಿಕೊಂಡ. "ಇದ್ರಲ್ಲಿ ಒಂದು ಕೆಂಪು ಗೆರೆ ಹಾಕೋಕೂ ಜಾಗ ಇಲ್ಲ," ಎಂದ.

ವಿದ್ಯಾಶ್ರೀ ಕಾಗದ ಮಡಚಿಕೊಂಡಳು. ಜಾಗ ಇತ್ತು. ಒಂದು ಸಾಲನ್ನು ಅವಳು ಓದಿರಲಿಲ್ಲ.

*

ಮಂಡೈಯಲ್ಲಿ ಗಾಜಿನ ಆಚೆ ಪೆಟ್ಟಿಗೆ ತಾನಾಗಿಯೇ ಸರಿಯತೊಡಗಿತು. ಎಲ್ಲರೂ ಕೈ ಮುಗಿದರು. ವಿದ್ಯಾಶ್ರೀ ಎಲ್ಲರ ಹಿಂದೆ ನಿಂತು ಕಾಗದ ಬಿಚ್ಚಿದಳು. ಆದೇಶದ ಕೆಳಗೆ, ಬುಡದಲ್ಲಿ, ಒಂದೇ ಸಾಲು: 'ಇದನ್ನು ವಿದ್ಯಾಶ್ರೀಯೇ ಓದತಕ್ಕದ್ದು.' ಅದರ ಮೇಲೂ ಕೆಳಗೂ ಕಾರಣ ಬರೆದಿರಲಿಲ್ಲ.

ಗಾಜಿನಾಚೆ ಚಿತೆಯ ಕಡೆಯ ಬಾಗಿಲು ಮೇಲೆದ್ದಿತು. ಅವಳು ಕೆಂಪು ಪುಡಿ ಮೆತ್ತಿದ್ದ ಬೆರಳನ್ನು ಮೆಲ್ಲಗೆ ಎತ್ತಿದಳು.

"ಮಾವಾರ," ಎಂದಳು, "ಇನ್ನೊಮ್ಮೆ ಓದ್ರಿ."